ಖಾಲಿ ಎಚ್ಚರಿಕೆ

ನನಗೊಂದು ಚಾಳಿ. ಕಣ್ಣಿಗೆ ಬಿದ್ದದ್ದು ಎಲ್ಲಿಂದ ಬಂತು, ಯಾಕೆ ಹಾಗಿದೆ ಎಂದು ಕೆದಕದೆ ಇರಲಾರೆ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ತಲೆ ತಗ್ಗಿಸಿ ಕೂತಿರಬೇಕಾದವಳು, “ನಿಮ್ಮ ಸ್ಕೂಟರಿನ ಹಾರ್ನ್ ಯಾಕೆ ಬೆಕ್ಕಿನ ಹಾಗೆ ಕೂಗುತ್ತೆ?” ಎಂದು ಕೇಳಿಬಿಟ್ಟೆ. ಅಮ್ಮ ತೊಡೆ ಚಿವುಟಿದರು. ಹುಡುಗ ಮಾತ್ರ ಎದ್ದು ಹೋಗಿ, ಹಾರ್ನನ್ನೇ ಬಿಚ್ಚಿ ತಂದು ಉಪ್ಪಿಟ್ಟಿನ ತಟ್ಟೆಯ ಪಕ್ಕದಲ್ಲಿಟ್ಟು ವಿವರಿಸಿದ. ಅವರೇ ಈಗ ನನ್ನ ಯಜಮಾನರು. ಈ ಚಾಳಿಯಿಂದ ಆದ ಲಾಭ ಅದೊಂದೇ ಎಂದು ನಾನು ಹೇಳಿದರೆ, ಯಾರಿಗೆ ಲಾಭ ಎಂದು ಅವರು ಕೇಳುತ್ತಾರೆ.

ಪೀಣ್ಯದಲ್ಲಿ ತಗಡಿನ ಬಿಡಿಭಾಗಗಳನ್ನು ಒತ್ತುವ ಕಾರ್ಖಾನೆಯೊಂದರಲ್ಲಿ ಕೈಪಿಡಿ ಬರೆಯುವುದು ನನ್ನ ಕೆಲಸ. ಬರೆಯುವಾಗ ನಾನು ಅಕ್ಷರ ದಪ್ಪವಿರಲಿ, ಬಣ್ಣ ಕೆಂಪಿರಲಿ ಎಂದು ಹೇಳುವುದಿಲ್ಲ. ಇದು ಶೀರ್ಷಿಕೆ, ಇದು ಕೆಲಸದ ಹಂತ, ಇದು ಅಪಾಯದ ಮಾತು ಎಂದು ಪ್ರತಿ ತುಂಡಿಗೂ ಒಂದು ಗುರುತು ಅಂಟಿಸುತ್ತೇನೆ, ಅಷ್ಟೇ. ಸ್ಟೈಲ್‌ಶೀಟ್ ಎಂಬ ನಿಯಮಗಳ ಫೈಲು ಆ ಗುರುತುಗಳನ್ನು ಓದಿ, ಎಲ್ಲವನ್ನೂ ವೆಬ್ ಪುಟವಾಗಿ ಮಾಡಿಕೊಡುತ್ತದೆ. ಯಂತ್ರದ ಪಕ್ಕದಲ್ಲಿ ಈಚೆಗಷ್ಟೇ ತೂಗುಹಾಕಿದ ಟ್ಯಾಬ್ಲೆಟ್ಟಿನಲ್ಲಿ ಕೆಲಸದವರು ಆ ಪುಟ ನೋಡುತ್ತಾರೆ. ಈ ಏರ್ಪಾಡಿನ ಒಳಗೆ ಏನಿದೆಯೆಂದು ಆರು ವರ್ಷ ನಾನು ಇಣುಕಿರಲಿಲ್ಲ. ನನ್ನ ಚಾಳಿಯನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ಇಣುಕುವಂತೆ ಮಾಡಿದ್ದು ಶಾಂತವ್ವ. ಗದಗದ ಕಡೆಯವಳು, ಲಗ್ಗೆರೆಯಲ್ಲಿ ಬಾಡಿಗೆ ಕೋಣೆ, ತಗಡು ಒತ್ತುವ ದೊಡ್ಡ ಪ್ರೆಸ್ಸಿನ ಮೇಲೆ ಕೆಲಸ. ಒಂದು ಬೆಳಿಗ್ಗೆ ನೇರ ನನ್ನ ಮೇಜಿನ ಮುಂದೆ ಬಂದು ನಿಂತಳು. ಮುಖ ಬಾಡಿತ್ತು.

“ಮೇಡಂ, ನಾ ಏನ್ ತಪ್ಪ್ ಮಾಡೇನ್ರಿ? ನನಗ ಯಾಕ ವಾರ್ನಿಂಗ್ ಕೊಟ್ಟೀರಿ?”

ನಮ್ಮಲ್ಲಿ ವಾರ್ನಿಂಗ್ ಎಂದರೆ ಆಫೀಸಿನಿಂದ ಬರುವ ಕಾಗದ. ಮೂರು ಬಂದರೆ ಕೆಲಸ ಹೋಯಿತು. ಅವಳ ಜೊತೆ ಹೋಗಿ ಟ್ಯಾಬ್ಲೆಟ್ ನೋಡಿದೆ. ಪುಟದ ಮೇಲೆ ಕೆಂಪು ಪೆಟ್ಟಿಗೆ, ಅದರ ತಲೆಯ ಮೇಲೆ “ವಾರ್ನಿಂಗ್” ಎಂದು ಇಂಗ್ಲಿಷ್ ಅಕ್ಷರದಲ್ಲಿ. ಅಷ್ಟನ್ನು ಓದಿಯೇ ಅವಳು ಗಾಬರಿಯಾಗಿದ್ದಳು. ಅವಳಿಗೆ ಸಮಾಧಾನ ಹೇಳಿ ಕಳಿಸಿದೆನಾದರೂ ನನಗೆ ಸಮಾಧಾನವಿರಲಿಲ್ಲ. ಆ ಪದವನ್ನು ನಾನು ಬರೆದೇ ಇಲ್ಲ! ಹಾಗಾದರೆ ಬಂದದ್ದೆಲ್ಲಿಂದ?

ಕಂಪ್ಯೂಟರ್ ವಿಭಾಗದ ಹರೀಶನನ್ನು ಹಿಡಿದೆ. “ಸ್ಟೈಲ್‌ಶೀಟೇ ಹಾಕ್ಕೊಳ್ಳತ್ತೆ ಮೇಡಂ. ಒಳಗೆ ಪದಗಳ ಪಟ್ಟಿ ಇದೆ, ಅದರಲ್ಲಿ ಕನ್ನಡದ ಪದ ಕೊಟ್ರೆ ಆಯ್ತು. ಆದ್ರೆ ದಯವಿಟ್ಟು ಒರಿಜಿನಲ್ ಫೈಲ್ ಮುಟ್ಟಬೇಡಿ. ಹೊಸ ವರ್ಷನ್ ಬಂದಾಗ ನೀವು ಮಾಡಿದ್ದೆಲ್ಲಾ ಹೊರಟೋಗತ್ತೆ. ನಿಮ್ಮದೇ ಒಂದು ಚಿಕ್ಕ ಫೈಲ್ ಮಾಡ್ಕೊಳ್ಳಿ. ಅದು ಮೊದಲು ದೊಡ್ಡದನ್ನ ಕರ್ಕೊಂಡು ಬರ್ಲಿ, ಆಮೇಲೆ ನಿಮಗೆ ಬೇಕಾದಷ್ಟು ಮಾತ್ರ ಬದಲಾಯಿಸ್ಲಿ. ಬೇಕಾದಷ್ಟು ಮಾತ್ರ, ಕೇಳ್ತಾ?”

ಕೇಳಿತು. ಎರಡು ಸಾಲು ಬರೆದೆ, ಪುಟ ತೆರೆದೆ. “ಎಚ್ಚರಿಕೆ” ಎಂದು ಅಚ್ಚ ಕನ್ನಡದಲ್ಲಿ ಬಂತು. ಒಂದು ಮೂಲೆಯಲ್ಲಿ ಎರಡು ಸಾಲು ಬರೆದರೆ ಇನ್ನೂರು ಪುಟಗಳು ಒಟ್ಟಿಗೆ ಬದಲಾಗುವ ಸುಖ ನಿಮಗೆ ಗೊತ್ತೋ ಇಲ್ಲವೋ. ಮನೆಯಲ್ಲಿ ಆರು ವರ್ಷದಿಂದ ಹೇಳಿ ಒದ್ದೆ ಟವೆಲ್ಲಿನ ಜಾಗ ಬದಲಾಯಿಸಲಾಗದವಳು ನಾನು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಆ ಪೆಟ್ಟಿಗೆಯ ಕೆಂಪು ಎಲ್ಲಿಂದ ಬರುತ್ತದೆ? ಅದರ ಅಂಚು ಯಾರ ಅಪ್ಪಣೆಯಿಂದ ಅಷ್ಟು ದಪ್ಪ? ಕೆದಕುತ್ತಾ ಹೋಗಿ, ಎಚ್ಚರಿಕೆಯ ಪೆಟ್ಟಿಗೆ ಕಟ್ಟುವ ನಿಯಮವನ್ನೇ ಹೊಸದಾಗಿ ಬರೆದೆ. ಹಳದಿ ಹಿನ್ನೆಲೆ, ದುಂಡನೆಯ ಮೂಲೆ, ದೊಡ್ಡ ಅಕ್ಷರದ ತಲೆಬರಹ. ನಾಲ್ಕೈದು ಪುಟದ ತಲೆಬರಹಗಳನ್ನು ನೋಡಿ ಹಿಗ್ಗಿ, ಎಲ್ಲವನ್ನೂ ಟ್ಯಾಬ್ಲೆಟ್ಟುಗಳಿಗೆ ಕಳಿಸಿ, ಊಟಕ್ಕೆ ಹೋದೆ.

ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಸೂಪರ್‌ವೈಸರ್ ಫೋನು. “ಮೇಡಂ, ಶಾಂತವ್ವ ಪ್ರೆಸ್ ನಿಲ್ಸಿದಾಳೆ. ಪಕ್ಕದ್ದೂ ನಿಲ್ಸಿದಾಳೆ. ನೀವು ಬರೋತನಕ ಯಾರೂ ಮುಟ್ಟಕೂಡ್ದಂತೆ.”

ಓಡಿದೆ. ಅವಳು ಪ್ರೆಸ್ಸಿನ ಮುಂದೆ ಕೈಕಟ್ಟಿ ನಿಂತಿದ್ದಳು. ಅಂದು ತಗಡಿಗೆ ಆಕಾರ ಕೊಡುವ ಅಚ್ಚನ್ನು ಬದಲಾಯಿಸುವ ಕೆಲಸ. ಟ್ಯಾಬ್ಲೆಟ್ಟಿನಲ್ಲಿ ನನ್ನ ಚೆಂದದ ಹಳದಿ ಪೆಟ್ಟಿಗೆ, ಮೇಲೆ “ಎಚ್ಚರಿಕೆ”, ಕೆಳಗೆ ಏನೂ ಇಲ್ಲ. ಪೆಟ್ಟಿಗೆ ಕಟ್ಟುವ ಸಂಭ್ರಮದಲ್ಲಿ, ಬರೆದದ್ದನ್ನು ಅದರೊಳಗೆ ತಂದು ಹಾಕು ಎನ್ನುವ ಒಂದು ಸಾಲನ್ನೇ ನಾನು ಮರೆತಿದ್ದೆ. ಇನ್ನೂರು ಪುಟಗಳಲ್ಲೂ ಎಚ್ಚರಿಕೆ ಇತ್ತು. ಯಾವುದರ ಬಗ್ಗೆ ಎಂಬುದು ಎಲ್ಲೂ ಇರಲಿಲ್ಲ.

“ಎಚ್ಚರಿಕಿ ಅಂತ ಐತಿ, ಯಾಕಂತ ಇಲ್ಲ” ಎಂದಳು ಶಾಂತವ್ವ. “ಏನರ ಇರಬೇಕು ಅಂತ ನಿಲ್ಸೇನ್ರಿ.”

ಪಕ್ಕದ ಪ್ರೆಸ್ಸಿನ ಮುನಿಯಪ್ಪ ಪ್ಯಾಕಿಂಗ್ ವಿಭಾಗದಿಂದ ಆ ವಾರವಷ್ಟೇ ಬಂದವನು. “ನಾನು ಖಾಲಿ ಐತಲ್ಲಾ, ಏನೂ ಇಲ್ಲ ಅಂದ್ಕೊಂಡೆ ಮೇಡಂ” ಎಂದ. “ಕೈ ಒಳಕ್ಕೆ ಆಕ್ತಿದ್ದೆ. ಈಯಕ್ಕ ಕಿರುಚಿಕೊಂಡ್ಲು.” ಅವನು ಕೈಯನ್ನು ತಿರುಗಿಸಿ ನೋಡಿಕೊಂಡ. ನಾನೂ ನೋಡಿದೆ. ಬೆರಳುಗಳನ್ನು ಒಂದೊಂದಾಗಿ ನೋಡಿದೆ. ಅಲ್ಲೇ ತಗಡಿನ ರಾಶಿಯ ಮೇಲೆ ಕೂತೆ.

ಆ ಒಂದು ಸಾಲು ಸೇರಿಸಲು ನಿಮಿಷವೂ ಬೇಕಾಗಲಿಲ್ಲ. ಈ ಸಲ ಇನ್ನೂರು ಪುಟಗಳನ್ನೂ ತೆರೆದು ಒಳಗಿನ ಮಾತು ಬಂದಿದೆಯೇ ಎಂದು ನೋಡಿದೆ. ಆಮೇಲೆ ಶಾಂತವ್ವನನ್ನು ಕರೆದು ಅಚ್ಚಿನ ಪುಟ ತೋರಿಸಿ, “ಈಗ ಸರಿಯಾಯ್ತಾ ನೋಡವ್ವ” ಎಂದೆ. ಅವಳು ಬೆರಳಿಟ್ಟು ಓದಿದಳು: “ಅಚ್ಚು ಬದಲಾವಣೆಯ ಸಂದರ್ಭದಲ್ಲಿ ಊರ್ಧ್ವಭಾಗದ ಅನಿರೀಕ್ಷಿತ ಅವತರಣವನ್ನು ಆಧಾರದ ಮೂಲಕ ನಿರ್ಬಂಧಿಸತಕ್ಕದ್ದು.” ನಾನೇ ಬರೆದ ವಾಕ್ಯ. ಬರೆದ ದಿನ ಬೀಗಿದ್ದೆ ಕೂಡ.

“ಯಾವ ದೇವ್ರು ಇಳದ ಬರ್ತಾನ್ರಿ ಮೇಡಂ?” ಎಂದು ಕೇಳಿದಳು. ತಮಾಷೆಗಲ್ಲ, ನಿಜವಾಗಿ.

“ನೀನಾದ್ರೆ ಹೇಗೆ ಹೇಳ್ತೀಯ?”

“ಆಧಾರಕ್ಕ ಬ್ಲಾಕ್ ಇಡೂತನಕ ಒಳಗ ಕೈ ಹಾಕಬ್ಯಾಡ್ರಿ. ಮ್ಯಾಲಿಂದು ಕೆಳಗ ಬೀಳತೈತಿ.”

ಹಾಗೆಯೇ ಬರೆದೆ, ಕೊಂಚ ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿ. ಅವಳು ಓದಿ, “ಉಳದ ಪುಟಾನೂ ಹಂಗ ಅದಾವೇನ್ರಿ, ದೇವ್ರು ಇಳಿಯೂವಂಥವು?” ಎಂದಳು. ಇವೆ ಎಂದೆ. ಅಂದಿನಿಂದ ಊಟವಾದ ಮೇಲೆ ಹತ್ತು ನಿಮಿಷ ಬಂದು ಕೂರುತ್ತಾಳೆ. ನಾನು ಓದುತ್ತೇನೆ, ಅವಳು ಹುಬ್ಬು ಗಂಟಿಕ್ಕುತ್ತಾಳೆ, ನಾನು ಅಳಿಸುತ್ತೇನೆ.

ಮೊನ್ನೆ ಮೀಟಿಂಗಿನಲ್ಲಿ ಮ್ಯಾನೇಜರು ಎಲ್ಲರೆದುರು ನನ್ನನ್ನು ಹೊಗಳಿದರು: ಹೊಸ ಸ್ಟೈಲ್‌ಶೀಟ್ ಬಂದಮೇಲೆ ಕೈಪಿಡಿ ಕೆಲಸದವರಿಗೆ ಚೆನ್ನಾಗಿ ಅರ್ಥವಾಗುತ್ತಿದೆಯಂತೆ, ತಂತ್ರಜ್ಞಾನ ಎಂದರೆ ಹೀಗಿರಬೇಕಂತೆ. ಹರೀಶ ನನ್ನತ್ತ ತಿರುಗಿ ಹುಬ್ಬು ಹಾರಿಸಿದ. ಅದು ಸ್ಟೈಲ್‌ಶೀಟ್ ಅಲ್ಲ, ಶಾಂತವ್ವ ಎಂದು ಹೇಳಲು ನಾನು ಎದ್ದು ನಿಂತೆ, ಬಾಯಿಯನ್ನೂ ತೆರೆದೆ. ಹೊರಗೆ ಬಂದದ್ದು ಮಾತ್ರ, “ಥ್ಯಾಂಕ್ಸ್ ಸಾರ್.” ಅದು ಎಲ್ಲಿಂದ ಬಂತು ಎಂದು ಕೆದಕುವ ಧೈರ್ಯ ನನಗೆ ಇನ್ನೂ ಬಂದಿಲ್ಲ.