ಹೀಟರಿನ ಗಾಳಿಯೂ ಹಣೆಬರಹವೂ

ಬಿಳಿ ಸೇವಂತಿಗೆಯೊಂದು ಗಣಪತಿಯ ಬಲಭುಜದಿಂದ ಜಾರಿ, ಕುಂಕುಮದ ಬಟ್ಟಲಿನ ಅಂಚಿಗೆ ತಾಗಿ, ಪುಸ್ತಕದ ಕಪಾಟಿನಿಂದ ಕೆಳಗೆ ಬಿತ್ತು. ಅದೇ ಗಳಿಗೆಯಲ್ಲಿ ಹೀಟರು ಗುರ್ ಎಂದು ಶುರುವಾಗಿತ್ತು. ಇವೆರಡರಲ್ಲಿ ಯಾವುದು ಮೊದಲು ಎಂಬುದರ ಮೇಲೆ ನನ್ನ ಮದುವೆ ನಿಂತಿತ್ತು ಎಂದರೆ ನೀವು ನಗಬಹುದು. ನನಗೆ ಆವತ್ತು ನಗು ಬರಲಿಲ್ಲ.

ನಿರ್ಧಾರವೆಂದರೆ ನನಗೆ ಮೊದಲಿನಿಂದಲೂ ಭಯ. ತೆಗೆದುಕೊಳ್ಳುವ ಮೊದಲು ಹತ್ತು ಜನರನ್ನು ಕೇಳುತ್ತೇನೆ, ತೆಗೆದುಕೊಂಡ ಮೇಲೆ ನಿದ್ದೆ ಬರುವುದಿಲ್ಲ. ಎಲ್ಲವೂ ಹಣೆಯಲ್ಲಿ ಬರೆದಂತೆ ಎಂದು ಹಾಯಾಗಿರುವವರನ್ನು ಕಂಡರೆ ಹೊಟ್ಟೆಕಿಚ್ಚು. ಅದಕ್ಕೋ ಏನೋ, ಇಲ್ಲಿ ಅಮೆರಿಕದಲ್ಲಿ, ಮೌಂಟನ್ ವ್ಯೂನ ಆಫೀಸು ಮುಗಿಸಿ ವಾರಕ್ಕೊಂದು ಸಂಜೆ ಗ್ರೀಕ್ ದುರಂತ ನಾಟಕಗಳ ತರಗತಿಗೆ ಸೇರಿಕೊಂಡಿದ್ದೆ. ಅಲ್ಲೊಬ್ಬ ರಾಜ. ಹೀಗೆ ಕೇಡಾಗುತ್ತದೆ ಎಂದು ದೈವವಾಣಿ ಹೇಳಿತೆಂದು ಹೆದರಿ ಊರು ಬಿಟ್ಟು ಓಡುತ್ತಾನೆ. ಓಡಿದ್ದರಿಂದಲೇ ಅದು ಆಗುತ್ತದೆ. "ತಪ್ಪು ಯಾರದು?" ಎಂದು ಮೇಡಂ ಕೇಳಿದರು. ಪಕ್ಕದಲ್ಲಿದ್ದ ಅಮೆರಿಕನ್ ಹುಡುಗ, ರಾಜ ಮೊದಲೇ ಒಬ್ಬ ಥೆರಪಿಸ್ಟನ್ನು ಕಾಣಬೇಕಿತ್ತು ಎಂದ. ನನಗನ್ನಿಸಿದ್ದೇ ಬೇರೆ: ಆ ನಾಡಿನಲ್ಲಿ ಭವಿಷ್ಯ ಹೇಳುವವರಿದ್ದರು, ಪರಿಹಾರ ಹೇಳುವವರಿರಲಿಲ್ಲ. ನಮ್ಮ ಮೈಸೂರಿನ ಜೋಯಿಸರ ಹತ್ತಿರ ಹೋಗಿದ್ದರೆ ಒಂದು ನವಗ್ರಹ ಶಾಂತಿ ಮಾಡಿಸಿ, ನಾಟಕವನ್ನು ಮೊದಲನೆಯ ಅಂಕದಲ್ಲೇ ಮುಗಿಸಿ, ಎಲ್ಲರನ್ನೂ ಊಟಕ್ಕೆ ಕೂರಿಸುತ್ತಿದ್ದರು.

ಇನ್ನು ನನ್ನ ನಾಟಕ. ಸ್ಯಾನ್ ಹೊಸೆಯ ಸುಹಾಸ, ಅಪ್ಪ ಅಮ್ಮ ಜಾತಕ ನೋಡಿ ಹುಡುಕಿದ ಹುಡುಗ. ಕೆಲವು ಸಲ ಹತ್ತಿರದ ಕ್ಯಾಂಪ್‌ಬೆಲ್‌ನಲ್ಲಿ ಕಾಫಿ ಕುಡಿದಿದ್ದೆವು. ಅವನದೂ ನನ್ನಷ್ಟೇ ಕಡಿಮೆ ಮಾತು. ನಮ್ಮ ಟೇಬಲ್ಲಿನಲ್ಲಿ ಚಮಚಗಳೇ ಹೆಚ್ಚು ಮಾತಾಡುತ್ತಿದ್ದವು. ಬೆಂಗಳೂರಿನಿಂದ ಬಂದಿದ್ದ ಅವನ ತಂದೆತಾಯಿ ಭಾನುವಾರ ವಾಪಸು ಹೊರಡುವವರಿದ್ದರು. ಕೊನೆಯ ಭೇಟಿಯಲ್ಲಿ ಕಾರಿನ ಬಾಗಿಲು ಹಿಡಿದುಕೊಂಡು ಅವನು, "ಹೂಂ ಅಂದರೂ ಸರಿ, ಬೇಡ ಅಂದರೂ ಸರಿ. ಆದರೆ ನಿಮ್ಮಮ್ಮನ ಕೈಲಿ ಹೇಳಿಸಬೇಡಿ. ಅಪ್ಪ ಅಮ್ಮ ಹೊರಡೋದರೊಳಗೆ ನೀವೇ ಹೇಳಿ," ಎಂದ.

ಶನಿವಾರ ಸಂಜೆಯಾದರೂ ನಾನು ಹೇಳಿರಲಿಲ್ಲ. ಮೈಸೂರಿನಲ್ಲಿ ಆಗಲೇ ಭಾನುವಾರದ ಬೆಳಿಗ್ಗೆ. ತಲೆಗೆ ಟವಲು ಸುತ್ತಿಕೊಂಡಿದ್ದ ಅಮ್ಮ ವಿಡಿಯೋದಲ್ಲಿ ಬಂದಳು. "ಯೋಚಿಸಿ ಯೋಚಿಸಿ ತಲೆ ಕೆಡಿಸ್ಕೋಬೇಡ ಪುಟ್ಟಿ. ಹೂವಿಟ್ಟು ಪ್ರಸಾದ ಕೇಳು. ಬಲಗಡೆ ಕೊಟ್ಟರೆ ಒಪ್ಪಿಗೆ, ಎಡಗಡೆ ಆದರೆ ಬಿಟ್ಟುಬಿಡು." ಫೋನನ್ನು ಡಬ್ಬಿಗೆ ಒರಗಿಸಿ, ಗಣಪತಿಯ ಎರಡೂ ಭುಜಕ್ಕೆ ಒಂದೊಂದು ಹೂವಿಟ್ಟು, ಕೈಮುಗಿದು ಕಾದೆ. ಆಗಲೇ ಬಲಗಡೆಯದು ಬಿದ್ದದ್ದು.

"ಬಲಗಡೆ! ರೀ, ಪ್ರಸಾದ ಆಯ್ತು!" ಎಂದು ಅಮ್ಮ ಕೂಗಿದಳು.

"ಅಮ್ಮಾ, ಅದು ಹೀಟರ್ ಗಾಳಿಗೆ ಬಿದ್ದಿದ್ದು."

"ಹೀಟರ್ ಹಾಕಿದ್ದು ಯಾರು?"

"ಯಾರೂ ಇಲ್ಲ. ಚಳಿಯಾದರೆ ತಾನೇ ಶುರುವಾಗತ್ತೆ."

"ನೋಡಿದೆಯಾ? ಹಾಗಾದರೆ ದೇವರೇ."

"ಇಷ್ಟು ಚಳಿಯಾದರೆ ಶುರುವಾಗು ಅಂತ ಸೆಟ್ ಮಾಡಿದ್ದು ನಾನು!"

"ಹಾಗಾದರೆ ನೀನೇ ಒಪ್ಪಿದ ಹಾಗಾಯ್ತಲ್ಲೇ!"

ಹಿಂದಿನಿಂದ, ಪೇಪರಿನ ಮರೆಯಲ್ಲಿದ್ದ ಅಪ್ಪ, "ಇಷ್ಟಾನಾ ಅಂತ ಅವಳನ್ನೇ ಕೇಳಬಾರದೇನೇ?" ಎಂದರು.

"ನೀವು ಸುಮ್ನಿರಿ. ಪ್ರಸಾದ ಆದಮೇಲೆ ಅದೆಲ್ಲಾ ಯಾಕೆ?"

ಒಂದಿಡೀ ಸೆಮಿಸ್ಟರಿನಲ್ಲಿ ನಮ್ಮ ಮೇಡಂ ಬಿಡಿಸಲಾಗದ ಗಂಟನ್ನು ಅಮ್ಮ, ತಲೆಯ ಟವಲು ಬಿಚ್ಚುವುದರೊಳಗೆ ಬಿಡಿಸಿದ್ದಳು. ಸುಹಾಸನ ಮನೆಯವರಿಗೆ ನೀನು ಫೋನ್ ಮಾಡಕೂಡದು ಎಂದು ಆಣೆ ಹಾಕಿಸಿಕೊಂಡು ಕರೆ ಮುಗಿಸಿದೆ.

ಆಮೇಲೆ ಎಡಭುಜದ ಹೂವನ್ನು ತೆಗೆಯಲು ಹೋದೆ. ಬರಲಿಲ್ಲ. ಬಗ್ಗಿ ನೋಡಿದರೆ, ಅದರ ತೊಟ್ಟು ವಿಗ್ರಹಕ್ಕೂ ಹಿಂದಿನ ಪ್ರಭಾವಳಿಗೂ ನಡುವೆ ಭದ್ರವಾಗಿ ಸಿಕ್ಕಿಕೊಂಡಿತ್ತು. ಭೂಕಂಪವಾದರೂ ಬೀಳುವಂತಿರಲಿಲ್ಲ. ಬಲಗಡೆಯದನ್ನು ಮಾತ್ರ ಸುಮ್ಮನೆ ಭುಜದ ಅಂಚಿನಲ್ಲಿ ಕೂರಿಸಿದ್ದೆ. ಇಟ್ಟವಳು ನಾನೇ. ಕಣ್ಣು ಮುಚ್ಚಿ ದೇವರನ್ನು ಕೇಳುವ ಮೊದಲೇ ನನ್ನ ಬೆರಳುಗಳು ಉತ್ತರ ಬರೆದು ಮುಗಿಸಿದ್ದವು. ನನಗೆ ತಿಳಿಸಿರಲಿಲ್ಲ, ಅಷ್ಟೆ.

ಸಮಾಧಾನವಾಗಬೇಕಿತ್ತು. ಹೆದರಿಕೆ ಇಮ್ಮಡಿಯಾಯಿತು. ದೇವರು ಆರಿಸಿದ್ದರೆ ಮುಂದೆ ದೇವರನ್ನು ಬೈಯಬಹುದಿತ್ತು. ಹೀಟರು ಆರಿಸಿದ್ದರೆ ಅಪಾರ್ಟ್‌ಮೆಂಟಿನವರ ಮೇಲೆ ದೂರು ಕೊಡಬಹುದಿತ್ತು. ಈಗ ಸುಹಾಸ ಗೊರಕೆ ಹೊಡೆದರೂ ಅದಕ್ಕೆ ನಾನೇ ಹೊಣೆ. ಗೊರಕೆಯ ಮಾತಿರಲಿ, ಕಾದು ಸಾಕಾಗಿ ಅವನೇ ಮನಸ್ಸು ಬದಲಾಯಿಸಿದ್ದರೆ?

ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ಮಾತುಗಳನ್ನು ಉರುಹಾಕಿ, ಧೈರ್ಯ ಆರುವ ಮೊದಲೇ ಫೋನ್ ಮಾಡಿದೆ. ಅವನು ಹಲೋ ಎನ್ನಲೂ ಬಿಡಲಿಲ್ಲ. "ಸುಹಾಸ್, ನಾನೇ ಹೇಳ್ತಿದ್ದೀನಿ, ಯಾರೂ ಹೇಳಿಕೊಟ್ಟಿಲ್ಲ. ನೀವಂದ್ರೆ ನಂಗೆ ತುಂಬಾ ಇಷ್ಟ. ನಂಗೆ ಒಪ್ಪಿಗೆ."

ಆ ಕಡೆ ಫ್ರೀವೇಯಲ್ಲಿ ಓಡುವ ಕಾರುಗಳ ಸದ್ದು. ಅದರ ನಡುವೆ ಅವನ ಸಣ್ಣ ದನಿ: "ಥ್ಯಾಂಕ್ಸ್... ನಂಗೂ... ಅದೂ, ನೀವು ಕಾರಿನ ಸ್ಪೀಕರ್‌ನಲ್ಲಿದ್ದೀರಿ. ಅಪ್ಪ ಅಮ್ಮ ಹಿಂದೆ ಕೂತಿದಾರೆ. ಏರ್‌ಪೋರ್ಟಿಗೆ ಹೋಗ್ತಿದೀವಿ."

"ತುಂಬಾ ಸಂತೋಷ ಕಣಮ್ಮಾ!" ಹಿಂದಿನ ಸೀಟಿನಿಂದ ಅವನ ತಾಯಿಯ ಸ್ವರ. "ರೀ, ಕೇಳಿಸ್ತಾ? ಇವನಂದ್ರೆ ತುಂಬಾ ಇಷ್ಟವಂತೆ! ಇನ್ನೊಂದ್ಸಲ ಹೇಳಮ್ಮಾ, ಇವರಿಗೆ ಸರಿಯಾಗಿ ಕೇಳಿಸಲಿಲ್ಲವಂತೆ."

ಇನ್ನೊಂದು ಸಲ ಹೇಳಿದೆ, ಜೋರಾಗಿ. ಅದಕ್ಕೆ ಮಾತ್ರ ನನಗೆ ಬೇರೆ ದಾರಿಯಿರಲಿಲ್ಲ.