ಉಂಗುರದ ಗುಟ್ಟು ಬಯಲು ಮಾಡಿದ ಪೋರ್ಟಲ್‌ನವರಿಗೆ

ಸುದ್ದಿ, ಹವಾಮಾನ, ವಾರಭವಿಷ್ಯ, ಮೇಲ್ ಎಲ್ಲವನ್ನೂ ಒಂದೇ ಹೊಸ್ತಿಲಲ್ಲಿ ಹರವಿಕೊಂಡು ಪುಕ್ಕಟೆ ಹಂಚುವ ಮಾನ್ಯ ವೆಬ್ ಪೋರ್ಟಲ್‌ನವರೇ,

ಗಡಿಯಾರ ರಿಪೇರಿ ಮಾಡುವ, ಐವತ್ತು ದಾಟಿದ ವಿಧುರನೊಬ್ಬನ ನಮಸ್ಕಾರಗಳು ತಮ್ಮ ಪಾದಗಳಿಗೆ, ಪಾದಗಳಿಲ್ಲದಿದ್ದರೆ ತಮ್ಮ ಪುಟದ ಅಡಿಗೆ ಸಲ್ಲಲಿ.

ನನ್ನ ಅಂಗಡಿಯ ಎದುರಿನ ಬೇಕರಿಯಾಕೆಯನ್ನು 'ಮದುವೆಯಾಗುತ್ತೀರಾ' ಎಂದು ಕೇಳಲು ಬಹುಕಾಲದಿಂದ ನನಗೆ ಬಾಯಿ ಬಂದಿರಲಿಲ್ಲ. ಕೊನೆಗೊಂದು ಮಧ್ಯಾಹ್ನ ಬಾಗಿಲನ್ನು ಅರ್ಧ ಎಳೆದುಕೊಂಡು, ಅಂಗಡಿಯ ಕಂಪ್ಯೂಟರಿನಲ್ಲಿ 'ಎರಡನೇ ಮದುವೆಗೆ ಉಂಗುರ, ಆಡಂಬರ ಬೇಡ' ಎಂದು ತಮ್ಮನ್ನು ಕೇಳಿ, ಬೆಲೆ ಕಂಡು ಬೆವರಿ, ಪುಟ ಮುಚ್ಚಿಬಿಟ್ಟೆ. ಗುಟ್ಟು ನಮ್ಮಿಬ್ಬರಲ್ಲೇ ಉಳಿಯುತ್ತದೆಂದು ನಂಬಿದ್ದು ನನ್ನ ಪೆದ್ದುತನ.

ಮರುದಿನ ಅಂಗಡಿಗೆ ಬಂದ ನನ್ನ ಅಕ್ಕ ಅದೇ ಕಂಪ್ಯೂಟರಿನಲ್ಲಿ ಹವಾಮಾನ ನೋಡಲು ಕೂತರೆ ಮೋಡದ ಪಕ್ಕ ಉಂಗುರ, ಅಪಘಾತದ ಸುದ್ದಿಯ ನಡುವೆ ಉಂಗುರ, ಮಲಬದ್ಧತೆಯ ಸಲಹೆಯ ಕೆಳಗೂ ಉಂಗುರ. ಅಕ್ಕ ಅಂದೇ ನನ್ನ ಹಳೇ ಕೋಟನ್ನು ಇಸ್ತ್ರಿಗೆ ಕೊಟ್ಟಳು. ಗಾಬರಿಯಿಂದ ಜಾಹೀರಾತು ಕಂಪನಿಯಲ್ಲಿರುವ ಅಕ್ಕನ ಅಳಿಯನನ್ನು ವಿಚಾರಿಸಿದೆ. ತಾವು ಓದುಗರಿಂದ ಕಾಸು ಕೇಳುವುದಿಲ್ಲವಂತೆ, ಓದುಗರ ಕಣ್ಣನ್ನೇ ಮಾರುತ್ತೀರಂತೆ. ಪುಟ ತೆರೆಯುವ ಕ್ಷಣದಲ್ಲಿ ನನ್ನನ್ನು ಹರಾಜಿಗಿಟ್ಟು, ಹೆಚ್ಚು ಬೆಲೆ ಕೂಗಿದ ಆಭರಣದಂಗಡಿಗೆ ಒಪ್ಪಿಸುತ್ತೀರಂತೆ. ಮೊದಲ ಮದುವೆಯಲ್ಲೂ ನನಗಾಗಿ ಯಾರೂ ಪೈಪೋಟಿ ನಡೆಸಿರಲಿಲ್ಲವಾದ್ದರಿಂದ, ನನ್ನ ಎದೆ ತುಸು ಉಬ್ಬಿದ್ದನ್ನು ಇಲ್ಲಿ ಕೃತಜ್ಞತೆಯಿಂದ ಒಪ್ಪಿಕೊಳ್ಳುತ್ತೇನೆ.

ಆಮೇಲೆ ನಡೆದದ್ದೇ ಅನಾಹುತ. ಫೋನು ಹಿಟ್ಟಿನ ಪಾತ್ರೆಗೆ ಬಿದ್ದು ಕೆಟ್ಟಿತೆಂದು ಬೇಕರಿಯಾಕೆ ಮೇಲ್ ನೋಡಲು ನನ್ನ ಅಂಗಡಿಗೇ ಬಂದರು. ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರವೊಂದನ್ನು ಬಿಚ್ಚುತ್ತಿದ್ದೆ. ಕುರ್ಚಿ ಈ ಕಡೆ ತಿರುಗಿದ ಸದ್ದಾಯಿತು.

"ಈ ಉಂಗುರ ಯಾರಿಗೆ ಅಂತ ನೋಡಿದ್ರಿ?"

ಕೈಯಲ್ಲಿದ್ದ ಸ್ಪ್ರಿಂಗು ಹಾರಿ ಎಲ್ಲಿ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ. "ನಿಮಗೇ" ಎಂದೆ.

ಆಕೆ ಪರದೆಯ ಹತ್ತಿರಕ್ಕೆ ಬಾಗಿ ನೋಡಿ, "ಇದು ಬೇಡ. ನಾದೋವಾಗ ಕಲ್ಲಿನ ಸಂದೀಲಿ ಹಿಟ್ಟು ಸಿಕ್ಕೊಳ್ಳುತ್ತೆ. ಕಲ್ಲಿಲ್ಲದ್ದು ತೋರಿಸಿ" ಎಂದರು.

ಎದುರಿನ ಒಲೆಯಲ್ಲಿ ಬ್ರೆಡ್ಡು ಸೀದ ವಾಸನೆ ರಸ್ತೆ ದಾಟಿ ಬರುವ ತನಕ ನಾವಿಬ್ಬರೂ ಉಂಗುರದ ಜಾಹೀರಾತುಗಳನ್ನು ಒತ್ತುತ್ತಲೇ ಇದ್ದೆವು. ಪ್ರತಿ ಒತ್ತಿಗೂ ಆಭರಣದಂಗಡಿಯವರು ತಮಗೆ ದಕ್ಷಿಣೆ ಸಲ್ಲಿಸಿರುತ್ತಾರಾದ್ದರಿಂದ ನಮ್ಮ ಪ್ರೇಮದಲ್ಲಿ ತಮಗೆ ನಷ್ಟವಾಗಿರಲಾರದು.

ಹೀಗಿರುವಾಗ ನನ್ನ ದೂರು ಇಷ್ಟೇ: ಕನ್ನಡಿಯ ಮುಂದೆ ನಾನು ಬಾಯಿಪಾಠ ಮಾಡಿದ್ದ ಅತ್ಯುತ್ತಮ ಭಾಷಣವೊಂದು ತಮ್ಮ ಅವಸರದಿಂದ ದಂಡವಾಗಿದೆ. ಪರಿಹಾರವಾಗಿ, ಸೀದ ಬ್ರೆಡ್ಡನ್ನೆಲ್ಲ ತಾವೇ ತಿನ್ನಬೇಕು, ಮದುವೆಯ ದಿನ ಬಂದು ಹೆಣ್ಣಿನ ಕಡೆಯವರ ಸಾಲಿನಲ್ಲಿ ಕೂರಬೇಕು. ಮತ್ತು ಇನ್ನೂ ಮುಖ ಗಂಟಿಕ್ಕಿಕೊಂಡಿರುವ ಆಕೆಯ ಅಣ್ಣನಿಗೆ, ಪಂದ್ಯದ ಸ್ಕೋರಿನ ಪಕ್ಕದಲ್ಲಿ ಆತ ಒಪ್ಪುವವರೆಗೂ ನನ್ನ ಫೋಟೋ ತೋರಿಸುತ್ತಿರಬೇಕು.

ತಮ್ಮ ವಿಶ್ವಾಸಿ, ಹಾಗೂ ತಮ್ಮ ಮಾರಾಟದ ಸರಕು,
ಗಡಿಯಾರದವನು

ತಾ.ಕ.: ಇದನ್ನು ತಮ್ಮ ಮೇಲ್‌ನಲ್ಲೇ ಬರೆಯುತ್ತಿದ್ದೇನೆ. 'ಮದುವೆ' ಎಂದು ಬರೆದದ್ದೇ ತಡ, ತಾವು ಬಲಗಡೆಗೆ ವಿಚ್ಛೇದನದ ವಕೀಲರೊಬ್ಬರನ್ನು ತಂದು ನಿಲ್ಲಿಸಿದ್ದೀರಿ. ಪಕ್ಕದಲ್ಲೇ ಕೂತ ಆಕೆ ಆ ವಕೀಲರ ಜಾಹೀರಾತನ್ನು ಮತ್ತೆ ಮತ್ತೆ ಒತ್ತುತ್ತಿದ್ದಾರೆ, ಖರ್ಚು ಅವರಿಗೇ ಬೀಳಲಿ ಅಂತ.