ಪಾತಾಳದ ಕೆರೆಗೆ ಹೋದ ನನ್ನ ಮೀಸೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಅತ್ತಲಿಂದ ತುಂಗೆ, ಇತ್ತಲಿಂದ ಭದ್ರೆ ಬಂದು ನನ್ನನ್ನು ಕೊಚ್ಚಿಕೊಂಡು ಹೋಗಲಿ. ಇಂಥವೆಲ್ಲ ನಿಮಗೇ ಯಾಕೆ ಆಗುತ್ತವೆ ಅಂತ ಜನ ಕೇಳುತ್ತಾರೆ. ಎಲ್ಲವನ್ನೂ ನಂಬುವವರಿಗೆ ಏನೂ ಆಗುವುದಿಲ್ಲ ಸ್ವಾಮಿ. ಅನುಮಾನ ಪಡುವ ಪ್ರತಿಭೆ ಬೇಕು.

ಪಣ

ತೊಂಬತ್ತರ ದಶಕ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ನಾನು ಮಾಲು ತಪಾಸಣೆ ಮಾಡುವವನು. ನಾನು ದಿಟ್ಟಿಸಿದರೆ ಕಾದ ಕಬ್ಬಿಣವೂ ತಾನಾಗಿ ತಪ್ಪೊಪ್ಪಿಕೊಳ್ಳುತ್ತಿತ್ತು. ಒಂದು ದಿನ ನಮ್ಮ ಕ್ವಾರ್ಟರ್ಸ್ ಬೀದಿಯಲ್ಲಿ ಮೈಕು ಕಟ್ಟಿದ ಆಟೋ ಬಂತು. ಶಿವಮೊಗ್ಗದ ಮೈದಾನದಲ್ಲಿ ಪಾತಾಳ ಗುಹೆಯಂತೆ, ಅದರೊಳಗೆ ಕೆರೆಯಂತೆ, ಮುಟ್ಟಿ ನೋಡುವ, ಒತ್ತಿ ನೋಡುವ ಪ್ರದರ್ಶನವಂತೆ.

ಮೈದಾನಕ್ಕೆ ಪಾತಾಳ ಎಲ್ಲಿಂದ ಬರಬೇಕು? ಕನ್ನಡಿ ಹಾಸಿ ಕೆರೆ ಅಂತಾರೆ, ನಿಜವಾದ ನೀರಾದರೆ ಮೀಸೆ ಬೋಳಿಸುತ್ತೇನೆ ಅಂದೆ. ಅದು ಸಾಮಾನ್ಯ ಮೀಸೆಯಲ್ಲ. ಕಾರ್ಖಾನೆಯ ಗೇಟಿನ ಕಾವಲುಗಾರ ಮೊದಲು ಅದಕ್ಕೆ ಸೆಲ್ಯೂಟ್ ಹೊಡೆದು, ಆಮೇಲೆ ನನಗೆ ಹೊಡೆಯುತ್ತಿದ್ದ.

ಹೊಳಲೂರಿನಲ್ಲಿ ಪೌರೋಹಿತ್ಯ ಮಾಡುವ ನನ್ನ ಭಾವಮೈದ ಅಲ್ಲೇ ಕೂತಿದ್ದ. ಪಂಚಾಂಗ ತೆಗೆದ.

"ಭಾವ, ಕ್ಷೌರಕ್ಕೆ ಬುಧವಾರ ಒಳ್ಳೇದಿದೆ."

ಬಾವಲಿ

ಅತ್ತೆಯವರನ್ನೂ ಕರೆದುಕೊಂಡು ಮೂವರೂ ಹೋದೆವು. ಹೊರಗೆ ಟಾರ್ಪಾಲು, ಒಳಗೆ ಪ್ಲಾಸ್ಟರ್ ಬಂಡೆ, ಕತ್ತಲೆ. ಗೋಡೆಯ ತುಂಬ ಬಟನ್. ಒಂದನ್ನು ಒತ್ತಿದರೆ ನೀರು ತೊಟ್ಟಿಕ್ಕುವ ಸದ್ದು, ಇನ್ನೊಂದಕ್ಕೆ ಬಾವಲಿ ಕೀಚಲು. ಆದರೆ ಬಾವಲಿ ಒಂದೊಂದು ಸಲ ಒಂದೊಂದು ಥರ ಕೀಚುತ್ತಿತ್ತು. ಯಂತ್ರ ಹಾಗೆ ಮಾಡುವುದಿಲ್ಲ. ಬಿಡದೆ ಒತ್ತಿದೆ. ಕೊನೆಗೆ ಬಾವಲಿ ಕೆಮ್ಮಿತು.

ಪಕ್ಕದ ಪರದೆ ಎತ್ತಿದೆ. ಒಬ್ಬ ಮಂಡಕ್ಕಿ ಪೊಟ್ಟಣ ಹಿಡಿದು ಕೂತಿದ್ದ, ಎದುರಿಗೆ ಕೆಂಪು ಬಲ್ಬು ಮಿಣುಕುತ್ತಿತ್ತು.

"ನಿಧಾನಕ್ಕೆ ಒತ್ತಿ ಸಾರ್, ನೆತ್ತಿಗೇರ್ತು."

ಕೆರೆ

ಕೆರೆಯ ದಡದಲ್ಲಿ ಲಿಂಗದಂಥ ಒಂದು ಬಂಡೆ. ಅತ್ತೆ ಚಪ್ಪಲಿ ಬಿಟ್ಟು ಕೈಮುಗಿದರು. ನಮ್ಮ ಕಡೆ ಮುಂದಿನವರು ಚಪ್ಪಲಿ ಬಿಟ್ಟರೆ ಹಿಂದಿನವರು ಯಾಕೆ ಅಂತ ಕೇಳುವುದಿಲ್ಲ, ಬಿಡುತ್ತಾರೆ. ನೋಡುತ್ತಿದ್ದಂತೆ ಚಪ್ಪಲಿ ಗುಡ್ಡೆಯಾಯಿತು. ಯಾರೋ ಕರ್ಪೂರ ಹಚ್ಚಿದರು. ಭಾವಮೈದನ ಬಾಯಲ್ಲಿ ಮಂತ್ರ ತಾನಾಗಿ ಶುರುವಾಯಿತು. ಮ್ಯಾನೇಜರ್ ಓಡಿಬಂದು ಇದು ಪ್ಲಾಸ್ಟರ್ ಅಂತ ಅಂಗಲಾಚಿದ. ಅವನಿಗೂ ಮಂಗಳಾರತಿ ಕೊಟ್ಟರು.

ಬಾವಲಿ ಸುಳ್ಳು, ಬಂಡೆ ಸುಳ್ಳು, ಕೆರೆ ಮಾತ್ರ ನಿಜವೇ? "ಕನ್ನಡಿ ಮೇಲೆ ನಡೆದು ತೋರಿಸ್ತೀನಿ, ನೋಡು ಮಾರಾಯ" ಅಂತ ಭಾವಮೈದನಿಗೆ ಹೇಳಿ, ಮೀಸೆ ತಿರುವಿ, ಗಂಭೀರವಾಗಿ ಕಾಲಿಟ್ಟೆ.

ಎದೆಮಟ್ಟ ನೀರು.

ತೊಯ್ದು ತೊಪ್ಪೆಯಾಗಿ ಎದ್ದರೆ ಅತ್ತೆಯ ಕಣ್ಣಲ್ಲೂ ನೀರು. "ಅಳಿಯಂದ್ರಿಗೆ ಇಷ್ಟು ಭಕ್ತಿ ಇದೆ ಅಂತ ಗೊತ್ತೇ ಇರ್ಲಿಲ್ಲ." ನನ್ನ ಹಿಂದೆ ಜನ ಪಂಚೆ ಎತ್ತಿ ಕಟ್ಟಿ ಸಾಲಾಗಿ ಇಳಿಯುತ್ತಿದ್ದರು. ಮರುದಿನ ಬಾಗಿಲಲ್ಲಿ ಹೊಸ ಬೋರ್ಡು ಬಿತ್ತಂತೆ: ತೀರ್ಥಸ್ನಾನಕ್ಕೆ ಬೇರೆ ಟಿಕೆಟ್.

ಬುಧವಾರ ಮೀಸೆ ಹೋಯಿತು. ಅಳಿಯಂದ್ರು ಗುಹೆ ದೇವರಿಗೆ ಮೀಸೆ ಒಪ್ಪಿಸಿದರು ಅಂತ ಅತ್ತೆ ಬೀದಿಯಿಡೀ ಹೇಳಿಕೊಂಡು ಬಂದರು. ಮನೆಮನೆಯವರೂ ನಮಸ್ಕಾರ ಮಾಡಿದರು. ಗೇಟಿನ ಕಾವಲುಗಾರ ಮಾತ್ರ ಯಾರು ನೀವು, ಪಾಸ್ ತೋರಿಸಿ ಅಂದ.

ತುಂಗೆ ಭದ್ರೆಯರು ಹೊರಟುಬಿಡುವ ಮೊದಲು ಒಂದು ಸಣ್ಣ ವಿಷಯ: ನೀರು ಎದೆಮಟ್ಟ ಇರಲಿಲ್ಲ, ಪಾದ ಮುಳುಗುವಷ್ಟಿತ್ತು. ಹಾಗಾದರೆ ಎದೆ ಹೇಗೆ ಒದ್ದೆಯಾಯಿತು ಅನ್ನುವಿರೋ, ಕಾಲಿಟ್ಟವನು ಬೋರಲು ಬಿದ್ದೆ. ಆಗ ನನ್ನ ಬೆನ್ನ ಹಿಂದೆ ನಿಂತಿದ್ದವನು ಭಾವಮೈದ. ಅನುಮಾನ ನನಗೆ ಇನ್ನೂ ಇದೆ.